ಕೊನೆಯ ಸಂಜೆಯ ಠಾಣೆ: ಬೀದಿ, ತಿಂಡಿ ಮತ್ತು ನಮ್ಮವರು

ಊರಿನಿಂದ ನೆಂಟರು ಬಂದರೆಂದರೆ ಮುಂಬಯಿ ಹಾಗೂ ಅದರ ಉಪನಗರಗಳ ಕನ್ನಡಿಗರ ಮನೆಗಳಲ್ಲಿ ಒಂದು ಕಾರ್ಯಕ್ರಮ ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ. ಮೊದಲ ದಿನ ಸಿದ್ಧಿವಿನಾಯಕ ಮತ್ತು ಮಹಾಲಕ್ಷ್ಮಿಯ ದರ್ಶನ. ಎರಡನೆಯ ದಿನ ಗೇಟ್‌ವೇ ಆಫ್ ಇಂಡಿಯಾ, ಸಮುದ್ರ ಶಾಂತವಾಗಿದ್ದರೆ ಎಲಿಫೆಂಟಾ. ಮೂರನೆಯ ದಿನ ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಹಂಚಿಹೋಗಿರುವ ಬಂಧುಗಳ ಮನೆಗಳಿಗೆ ಭೇಟಿ. ಹೀಗೆ ದಿನಗಳು ಕಳೆದು ಕೊನೆಗೆ ಒಂದು ಸಂಜೆ ಉಳಿಯುತ್ತದೆ. ಚೀಲಗಳು ಕಟ್ಟಿ ಆಗಿರುತ್ತವೆ, ರಾತ್ರಿಯ ಮಂಗಳೂರು ಗಾಡಿಗೆ ಇನ್ನೂ ನಾಲ್ಕೈದು ಗಂಟೆ ಇರುತ್ತದೆ. ಈ ಹೊತ್ತನ್ನು ಕಳೆಯಲು ಇತ್ತೀಚೆಗೆ ನಾವೆಲ್ಲರೂ ಕಂಡುಕೊಂಡ ಸುಲಭದ ದಾರಿಯೆಂದರೆ ಮಾಲ್. ಅಲ್ಲಿ ತಂಪು ಗಾಳಿ ಇದೆ, ಚಲಿಸುವ ಮೆಟ್ಟಿಲುಗಳಿವೆ; ಆದರೆ ಅಲ್ಲಿ ಠಾಣೆ ಇಲ್ಲ. ಮಂಗಳೂರಿನ ಮಾಲ್‌ನಲ್ಲಿ ಕಂಡದ್ದನ್ನೇ ಇಲ್ಲಿಯೂ ಕಂಡು ಹಿಂದಿರುಗುವುದರಲ್ಲಿ ನೆಂಟರಿಗೆ ದೊರೆಯುವ ವಿಶೇಷವಾದರೂ ಏನು?

ಆ ಕೊನೆಯ ಸಂಜೆಯನ್ನು ಠಾಣೆ ರೈಲು ನಿಲ್ದಾಣದ ಪಶ್ಚಿಮ ಭಾಗದ ಬೀದಿಗಳಲ್ಲಿ ಕಾಲ್ನಡಿಗೆಯಿಂದ ಕಳೆಯಬೇಕೆಂಬುದು ನಮ್ಮ ಸಲಹೆ. 1998ರ ಜನವರಿ 26ರಂದು ಕೊಂಕಣ ರೈಲು ಮಾರ್ಗವು ಪೂರ್ಣವಾಗಿ ರಾಷ್ಟ್ರಕ್ಕೆ ಸಮರ್ಪಿತವಾದ ಬಳಿಕ ಕರಾವಳಿಯ ಸಾವಿರಾರು ಕುಟುಂಬಗಳಿಗೆ ಈ ನಿಲ್ದಾಣವೇ ಮಹಾನಗರದ ಹೆಬ್ಬಾಗಿಲಾಗಿದೆ. ಬರುವಾಗಲೂ ಹೋಗುವಾಗಲೂ ನಾವು ಅವಸರದಿಂದ ದಾಟಿಬಿಡುವ ಈ ಬಾಗಿಲಿನ ಸುತ್ತಮುತ್ತ ಏನಿದೆ, ಅಲ್ಲಿನ ತಿಂಡಿಗಳಲ್ಲಿ ಯಾರ ಯಾರ ಕೈಗುಣ ಸೇರಿದೆ, ಅದರಲ್ಲಿ ಕನ್ನಡಿಗರ ಪಾಲು ಎಷ್ಟು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಕೆರೆಯ ದಂಡೆಯಲ್ಲಿ

ನಡಿಗೆಯನ್ನು ತಲಾವ್ ಪಾಳಿಯಿಂದ ಆರಂಭಿಸುವುದು ಒಳ್ಳೆಯದು. ಮಾಸುಂದಾ ಕೆರೆಯ ದಂಡೆಗೆ ಜನರಿಟ್ಟ ಹೆಸರು ಇದು. ಕೆರೆಗಳ ಊರೆಂದು ಹೆಸರಾದ ಠಾಣೆಯಲ್ಲಿ ಜನರಿಗೆ ಅತ್ಯಂತ ಪ್ರಿಯವಾದ ಕೆರೆ ಇದೇ. ಸಂಜೆಯಾಗುತ್ತಲೇ ಇಲ್ಲಿ ದೋಣಿವಿಹಾರಕ್ಕೆ ಮಕ್ಕಳು, ಗಾಳಿ ಸೇವನೆಗೆ ಹಿರಿಯರು, ಕೆಲಸ ಮುಗಿಸಿ ಬಂದ ಯುವಕ ಯುವತಿಯರು ಸೇರುತ್ತಾರೆ. ದಂಡೆಯ ಸುತ್ತಲೇ ಕೊಪಿನೇಶ್ವರ ದೇವಾಲಯವೂ, ಪೋರ್ಚುಗೀಸರ ಕಾಲದ ಮೂಲವುಳ್ಳ ಸಂತ ಜಾನ್ ಬ್ಯಾಪ್ಟಿಸ್ಟ್ ಇಗರ್ಜಿಯೂ, 1978ರಲ್ಲಿ ಆರಂಭವಾದ ಗಡ್ಕರಿ ರಂಗಾಯತನವೂ ಇವೆ. ಗುಡಿ, ಇಗರ್ಜಿ, ನಾಟಕಗೃಹ ಮೂರೂ ಒಂದೇ ನೀರಿನಲ್ಲಿ ತಮ್ಮ ನೆರಳನ್ನು ಕಾಣುವ ಸ್ಥಳ ಇದು.

ಕೊಪಿನೇಶ್ವರನ ಈಗಿನ ದೇವಾಲಯ ಮರಾಠರ ಕಾಲದ್ದು, 1760ರ ಸುಮಾರಿನದು. ಆದರೆ ಊರಿನ ಕಥೆ ಅದಕ್ಕಿಂತ ಬಹಳ ಹಳೆಯದು. ಪ್ರಾಚೀನ ಶಾಸನಗಳಲ್ಲಿ ಶ್ರೀಸ್ಥಾನಕವೆಂದು ಕರೆಯಲ್ಪಟ್ಟ ಠಾಣೆಯು ಉತ್ತರ ಕೊಂಕಣವನ್ನು ಆಳಿದ ಶಿಲಾಹಾರರ ರಾಜಧಾನಿಯಾಗಿತ್ತು. ಈ ಶಿಲಾಹಾರರು ಮೊದಲಿಗೆ ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರಾಗಿದ್ದವರು. ಠಾಣೆಯ ಯೇವೂರು ಬೆಟ್ಟದ ಆಚೆ ಬದಿಯಲ್ಲಿರುವ ಕಾನ್ಹೇರಿ ಗುಹೆಗಳ ಒಂಬತ್ತನೆಯ ಶತಮಾನದ ಶಾಸನಗಳಲ್ಲಿ ಚಕ್ರವರ್ತಿ ಅಮೋಘವರ್ಷನ ಹೆಸರೂ ಅವನ ಅಧೀನದಲ್ಲಿದ್ದ ಶಿಲಾಹಾರ ಅರಸರ ಹೆಸರುಗಳೂ ಇವೆ. ಕವಿರಾಜಮಾರ್ಗದ ನೃಪತುಂಗನೇ ಈ ಅಮೋಘವರ್ಷ. ಶಿಲಾಹಾರ ಅರಸರ ಬಿರುದುಗಳಲ್ಲಿ ಕನ್ನಡ ಪದಗಳು ಕಾಣಸಿಗುತ್ತವೆ ಎಂಬುದನ್ನೂ ವಿದ್ವಾಂಸರು ಗುರುತಿಸಿದ್ದಾರೆ. ಆದುದರಿಂದ ಈ ನೆಲದಲ್ಲಿ ಕನ್ನಡದ ಹೆಜ್ಜೆಗುರುತುಗಳು ಹೊಟೇಲುಗಳಿಂದಲೇ ಆರಂಭವಾದುವೆಂದು ಭಾವಿಸಬೇಕಾಗಿಲ್ಲ. ಇದನ್ನು ಹೇಳುವುದು ಯಾವ ಹಕ್ಕನ್ನೂ ಸ್ಥಾಪಿಸುವುದಕ್ಕಲ್ಲ. ಬಂದವರು, ನೆಲೆಸಿದವರು, ಹೋದವರು ಎಲ್ಲರೂ ಸೇರಿ ಕಟ್ಟಿದ ಊರು ಇದೆಂದು ನೆನಪಿಸುವುದಕ್ಕೆ ಮಾತ್ರ.

ಬಂದವರ ಸಾಲಿನಲ್ಲಿ ಪೋರ್ಚುಗೀಸರೂ ಇದ್ದಾರೆ. ಹದಿನಾರನೆಯ ಶತಮಾನದಿಂದ 1737ರವರೆಗೆ ಠಾಣೆ ಅವರ ವಶದಲ್ಲಿತ್ತು. ಅವರು ಕಟ್ಟಲಾರಂಭಿಸಿದ ಕೋಟೆ ಇಂದು ಕೇಂದ್ರ ಕಾರಾಗೃಹವಾಗಿದೆ. ಬಳಿಕ ಮರಾಠರು, 1774ರಲ್ಲಿ ಆಂಗ್ಲರು. 1853ರ ಏಪ್ರಿಲ್ 16ರಂದು ಬೋರಿ ಬಂದರ್‌ನಿಂದ ಹೊರಟ ದೇಶದ ಮೊದಲ ಪ್ರಯಾಣಿಕರ ರೈಲು 34 ಕಿಲೋಮೀಟರು ಕ್ರಮಿಸಿ ಬಂದು ನಿಂತದ್ದು ಇದೇ ಠಾಣೆಯಲ್ಲಿ. ಹದಿನಾಲ್ಕು ಡಬ್ಬಿಗಳಲ್ಲಿ ಸುಮಾರು 400 ಅತಿಥಿಗಳಿದ್ದರು. ಗಾಡಿಯನ್ನು ಎಳೆದ ಮೂರು ಉಗಿಯಂತ್ರಗಳಿಗೆ ಸಾಹಿಬ್, ಸಿಂಧ್, ಸುಲ್ತಾನ್ ಎಂದು ಹೆಸರು. ಭಾರತದ ರೈಲು ಯಾತ್ರೆಯ ಮೊದಲ ಕೊನೆಯ ನಿಲ್ದಾಣ ಠಾಣೆ ಎಂದು ನೆಂಟರಿಗೆ ಹೇಳಿದರೆ ರಾತ್ರಿ ಅದೇ ನಿಲ್ದಾಣದಲ್ಲಿ ಗಾಡಿ ಹತ್ತುವಾಗ ಅವರು ಒಮ್ಮೆ ಸುತ್ತಲೂ ಕಣ್ಣು ಹಾಯಿಸದೆ ಇರಲಾರರು.

ಭೇಲ್, ವಡಾ ಪಾವ್

ಕೆರೆಯ ದಂಡೆಯ ತಿಂಡಿ ಭೇಲ್. ನಮ್ಮ ಕರಾವಳಿಯ ಚರುಮುರಿ ಮತ್ತು ಧಾರವಾಡ, ಹುಬ್ಬಳ್ಳಿ ಕಡೆಯ ಗಿರ್ಮಿಟ್ ಇದರ ಹತ್ತಿರದ ಬಂಧುಗಳು. ಮೂರಕ್ಕೂ ಮಂಡಕ್ಕಿಯೇ ಆಧಾರ. ಭೇದವಿರುವುದು ಅದನ್ನು ಒಗ್ಗೂಡಿಸುವ ರಸದಲ್ಲಿ. ಚರುಮುರಿಗೆ ಹಸಿ ಈರುಳ್ಳಿ, ಖಾರದ ಪುಡಿ ಮತ್ತು ತೆಂಗಿನೆಣ್ಣೆಯ ಘಮ. ಗಿರ್ಮಿಟ್‌ಗೆ ಈರುಳ್ಳಿ, ಹುಣಸೆಹುಳಿ ಹಾಕಿ ಬೇಯಿಸಿದ ಮಸಾಲೆ. ಭೇಲ್‌ಗೆ ಹುಣಸೆ ಮತ್ತು ಖರ್ಜೂರದ ಸಿಹಿ ಚಟ್ನಿ, ಕೊತ್ತಂಬರಿಯ ಹಸಿರು ಚಟ್ನಿ, ಮೇಲೆ ಸಣ್ಣ ಸೇವು. ಕಲಸಿದ ಕೂಡಲೇ ತಿನ್ನದಿದ್ದರೆ ಮೂರೂ ಕೆಟ್ಟವೇ. ಹೀಗೆ ಹೋಲಿಸಿ ಹೇಳಿದರೆ ಊರಿನ ಮಕ್ಕಳು ಭೇಲನ್ನು ಅಪರಿಚಿತ ತಿಂಡಿಯೆಂದು ದೂರ ಸರಿಸುವುದಿಲ್ಲ.

ದಂಡೆಯಿಂದ ಜಾಂಭಳಿ ನಾಕಾದ ಮಾರುಕಟ್ಟೆಯನ್ನು ಹಾದು ನಿಲ್ದಾಣದತ್ತ ಸರಿದಂತೆ ಕಾದ ಎಣ್ಣೆಯ ವಾಸನೆ ನಮ್ಮನ್ನು ಎದುರುಗೊಳ್ಳುತ್ತದೆ. ನಿಲ್ದಾಣದ ಸಮೀಪದ ಕುಂಜ್ ವಿಹಾರ್‌ನಂತಹ ಅಂಗಡಿಗಳ ಮುಂದೆ ವಡಾ ಪಾವ್‌ಗಾಗಿ ನಿಂತವರ ಗುಂಪು ಕರಗುವುದೇ ಇಲ್ಲ. 1966ರಲ್ಲಿ ದಾದರ್ ನಿಲ್ದಾಣದ ಹೊರಗೆ ಅಶೋಕ್ ವೈದ್ಯ ಎಂಬವರು ಬಟಾಟೆ ವಡೆಯನ್ನು ಪಾವಿನ ನಡುವೆ ಇಟ್ಟು ಮಾರತೊಡಗಿದ್ದು ಇದರ ಆರಂಭವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಗಿರಣಿ ಕಾರ್ಮಿಕನಿಗೂ ಕಚೇರಿಯ ಗುಮಾಸ್ತನಿಗೂ ಕುಳಿತು ಉಣ್ಣಲು ಸಮಯವಿಲ್ಲದ ನಗರದಲ್ಲಿ, ಒಂದು ಕೈಯಲ್ಲಿ ಹಿಡಿದು, ನಡೆಯುತ್ತಲೇ ತಿಂದು ಮುಗಿಸಬಹುದಾದ ಈ ತಿಂಡಿ ಜನಪ್ರಿಯವಾದುದರಲ್ಲಿ ಆಶ್ಚರ್ಯವಿಲ್ಲ.

ಇಂದು ಮಹಾರಾಷ್ಟ್ರದ ಹೆಮ್ಮೆಯ ಗುರುತಾಗಿರುವ ಈ ತಿಂಡಿಯನ್ನು ಬಿಡಿಸಿ ನೋಡಿದರೆ ಸ್ವಾರಸ್ಯಕರ ಸಂಗತಿಯೊಂದು ಗೋಚರಿಸುತ್ತದೆ. ಬಟಾಟೆಯೂ ಮೆಣಸಿನಕಾಯಿಯೂ ಅಮೆರಿಕ ಖಂಡದಿಂದ ಬಂದವು. ಅವುಗಳನ್ನು ಪಶ್ಚಿಮ ಕರಾವಳಿಗೆ ತಂದವರಲ್ಲಿ ಪೋರ್ಚುಗೀಸರು ಪ್ರಮುಖರು. ಪಾವ್ ಎಂಬ ಪದವೂ, ನಮ್ಮ ಕರಾವಳಿಯಲ್ಲಿಯೂ ಬಳಕೆಯಲ್ಲಿರುವ ಬಟಾಟೆ ಎಂಬ ಪದವೂ ಪೋರ್ಚುಗೀಸ್ ಮೂಲದವು. ಕಡಲೆಹಿಟ್ಟು, ಅರಸಿನ, ಸಾಸಿವೆ, ಒಗ್ಗರಣೆ ಮಾತ್ರ ಇಲ್ಲಿಯವು. ಹೊರಗಿನಿಂದ ಬಂದುದು ಎಷ್ಟು ಕಾಲ ಹೊರಗಿನದಾಗಿ ಉಳಿಯುತ್ತದೆ ಎಂಬ ಪ್ರಶ್ನೆಗೆ ವಡಾ ಪಾವ್‌ಗಿಂತ ಸರಳವಾದ ಉತ್ತರ ಬೇರೆ ಇರಲಾರದು.

ಮಾಮಲೇದಾರ ಮಿಸಳ್

ಠಾಣೆಗೆ ಬಂದು ಮಿಸಳ್ ತಿನ್ನದೆ ಹೋಗುವುದು ಉಡುಪಿಗೆ ಹೋಗಿ ಗೋಳಿಬಜೆ ತಿನ್ನದೆ ಬಂದಂತೆ. ಮೊಳಕೆ ಬರಿಸಿದ ಕಾಳಿನ ಉಸಳ್, ಅದರ ಮೇಲೆ ಫರಸಾಣ್, ಹಸಿ ಈರುಳ್ಳಿ, ಆ ಬಳಿಕ ಎಣ್ಣೆ ತೇಲುವ ಕೆಂಪು ರಸ, ಬದಿಯಲ್ಲಿ ಪಾವ್. ಮಿಸಳ್ ಎಂದರೆ ಮಿಶ್ರಣ. ಸಾಮಾನ್ಯವಾಗಿ ಬಳಸುವ ಮಟಕಿ ಎಂಬ ಕಾಳು ನಮ್ಮ ಉತ್ತರ ಕರ್ನಾಟಕದವರಿಗೆ ಮಡಕಿ ಕಾಳೆಂದು ಪರಿಚಿತವೇ.

ಠಾಣೆಯ ಮಿಸಳ್ ಎಂದರೆ ಎಲ್ಲರೂ ಹೆಸರಿಸುವುದು ಮಾಮಲೇದಾರ ಮಿಸಳನ್ನು. ತಹಶೀಲ್ದಾರರ ಕಚೇರಿಯ ಬಳಿ, ಅಲ್ಲಿಗೆ ಬರುವ ಸಿಬ್ಬಂದಿ ಮತ್ತು ಕಕ್ಷಿದಾರರಿಗಾಗಿ ಆರಂಭವಾದ ಉಪಾಹಾರಗೃಹವಾದುದರಿಂದ ಈ ಹೆಸರು. ಬೆಳಗಾವಿ, ಧಾರವಾಡ, ಕಾರವಾರ ಕಡೆಯ ಹಿರಿಯರಿಗೆ ಮಾಮಲೇದಾರ ಕಚೇರಿ ಎಂಬ ಪದವನ್ನು ವಿವರಿಸಬೇಕಾಗಿಲ್ಲ. 1946ರಲ್ಲಿ ಇದನ್ನು ಆರಂಭಿಸಿದವರು ನರಸಿಂಹ ಮುರ್ಡೇಶ್ವರ. ಮುಂದೆ ದಶಕಗಳ ಕಾಲ ನಡೆಸಿ ಹೆಸರುವಾಸಿಯಾಗಿಸಿದವರು ಅವರ ಪುತ್ರ ಲಕ್ಷ್ಮಣ ಮುರ್ಡೇಶ್ವರ. ಮನೆತನದ ಹೆಸರೇ ಸಾರುವಂತೆ ಅವರ ಮೂಲ ಉತ್ತರ ಕನ್ನಡ ಜಿಲ್ಲೆಯ ಕಡಲ ತೀರದ ಮುರ್ಡೇಶ್ವರ. ಮರಾಠಿ ನಾಲಿಗೆಯ ಅಚ್ಚುಮೆಚ್ಚಿನ ಖಾರದ ತಿಂಡಿಗೆ ಠಾಣೆಯಲ್ಲಿ ಕೀರ್ತಿ ತಂದವರು ಕನ್ನಡ ಕರಾವಳಿಯಿಂದ ಬಂದವರೆಂಬುದು ಅನೇಕ ಠಾಣೆವಾಸಿಗಳಿಗೇ ತಿಳಿದಿಲ್ಲ.

ಇಲ್ಲಿ ಮತ್ತೊಂದು ಐತಿಹಾಸಿಕ ಸಂಗತಿಯನ್ನು ಗಮನಿಸಬೇಕು. ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮದರಾಸಿನಿಂದ ಬೇರ್ಪಟ್ಟು ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಉಡುಪಿ, ಮಂಗಳೂರುಗಳು ಮದರಾಸಿನಲ್ಲೇ ಉಳಿದವು. ಅಂದರೆ 1946ರಲ್ಲಿ ಮುರ್ಡೇಶ್ವರವೂ ಠಾಣೆಯೂ ಒಂದೇ ಪ್ರಾಂತ್ಯದಲ್ಲಿದ್ದವು. ಇಬ್ಬರಿಗೂ ಒಂದೇ ಸರಕಾರ, ಒಂದೇ ಬಗೆಯ ಮಾಮಲೇದಾರ ಕಚೇರಿ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಆ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1960ರ ಮೇ 1ರಂದು ಮಹಾರಾಷ್ಟ್ರ ಉದಯಿಸಿತು. ಮನುಷ್ಯರು ಇದ್ದಲ್ಲಿಯೇ ಇದ್ದರು. ಗಡಿಗಳು ಸರಿದು ಅವರನ್ನು ಹೊರನಾಡಿನವರನ್ನಾಗಿ ಮಾಡಿದವು.

ಮಿಸಳ್ ಬಡಿಸುವಾಗ ಖಾರ ಎಷ್ಟಿರಬೇಕೆಂದು ಕೇಳುತ್ತಾರೆ. ಮುಂದೆ ರಾತ್ರಿಯ ಪ್ರಯಾಣವಿರುವವರು ಸೌಮ್ಯವಾದುದನ್ನೇ ಆಯ್ದುಕೊಳ್ಳುವುದು ಲೇಸು. ನಮ್ಮೂರಿನ ಮೀನಿನ ಸಾರಿನ ಖಾರ ತಿಂದವರಿಗೆ ಇದೇನು ಮಹಾ ಎಂಬ ಹುಮ್ಮಸ್ಸಿನಿಂದ ಕೆಂಪು ರಸವನ್ನು ಮೇಲಿಂದ ಮೇಲೆ ಹಾಕಿಸಿಕೊಂಡ ಯುವಕರು ಪನ್ವೇಲ್ ದಾಟುವ ಮುನ್ನವೇ ನೀರಿನ ಬಾಟಲಿ ಬರಿದು ಮಾಡುವುದನ್ನು ನಾವು ಬಲ್ಲೆವು.

ಉಡುಪಿ ಹೊಟೇಲಿನ ಮೇಜು

ನಡಿಗೆಯ ಕೊನೆಗೆ ಕುಳಿತು ಕಾಫಿ ಕುಡಿಯಲು ಒಂದು ಉಡುಪಿ ಹೊಟೇಲು ಬೇಕು. ಠಾಣೆ, ಡೊಂಬಿವಲಿ, ಕಲ್ಯಾಣಗಳ ನಿಲ್ದಾಣದ ರಸ್ತೆಗಳಲ್ಲಿ ಅದನ್ನು ಹುಡುಕಬೇಕಾಗಿಲ್ಲ. ಮಾಟುಂಗದಲ್ಲಿ 1942ರಲ್ಲಿ ಎ. ರಾಮ ನಾಯಕರು ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಂತಹ ಸಂಸ್ಥೆಗಳಿಂದ ಮುಂಬಯಿಯಲ್ಲಿ ಬಲಗೊಂಡ ಈ ಪರಂಪರೆ, ನಗರವು ಉತ್ತರಕ್ಕೂ ಪೂರ್ವಕ್ಕೂ ಬೆಳೆದಂತೆ ರೈಲು ಹಳಿಯ ಗುಂಟ ಉಪನಗರಗಳಿಗೆ ಹಬ್ಬಿತು.

ಹಾದಿ ಹೂವಿನದೇ ಆಗಿರಲಿಲ್ಲ. 1966ರಲ್ಲಿ ಶಿವಸೇನೆ ಸ್ಥಾಪನೆಯಾಯಿತು. 1967ರಲ್ಲಿ ಅದು ಮೊದಲ ಬಾರಿಗೆ ಅಧಿಕಾರ ಹಿಡಿದದ್ದು ಠಾಣೆ ನಗರಸಭೆಯಲ್ಲಿಯೇ. ಆ ವರ್ಷಗಳಲ್ಲಿ ದಕ್ಷಿಣ ಭಾರತೀಯರ ವಿರುದ್ಧ ಎದ್ದ ಚಳವಳಿಯ ಬಿಸಿ ಉಡುಪಿ ಹೊಟೇಲುಗಳಿಗೂ ತಟ್ಟಿತು. ಸ್ಥಳೀಯ ತರುಣರು ವಡಾ ಪಾವ್ ಗಾಡಿಗಳನ್ನಿಟ್ಟು ಸ್ವಂತ ಉದ್ಯೋಗ ಮಾಡಬೇಕೆಂಬ ಪ್ರೋತ್ಸಾಹವೂ ಅದೇ ಕಾಲದ್ದು. ಇಡ್ಲಿ ಮತ್ತು ವಡಾ ಪಾವ್ ಒಂದು ಕಾಲಕ್ಕೆ ಎದುರು ಬದುರು ನಿಂತಿದ್ದವು ಎಂದರೆ ಅತಿಶಯೋಕ್ತಿಯಲ್ಲ. ಇಂದು ಅದೇ ಉಡುಪಿ ಹೊಟೇಲಿನಲ್ಲಿ ವಡಾ ಪಾವ್, ಮಿಸಳ್, ಪಾವ್ ಭಾಜಿ ದೊರೆಯುತ್ತವೆ. ಮರಾಠಿ ಮನೆಗಳಲ್ಲಿ ಭಾನುವಾರದ ಬೆಳಗ್ಗೆ ಇಡ್ಲಿ ಹಬೆಯಾಡುತ್ತದೆ. ಬೀದಿಯ ಜಗಳವನ್ನು ಅಡುಗೆಮನೆ ಮೌನವಾಗಿ ಪರಿಹರಿಸಿದೆ.

ಊರಿನವರಿಗೆ ಇಲ್ಲಿಯ ದೋಸೆ ತುಸು ವಿಚಿತ್ರವೆನಿಸಬಹುದು. ಮುಂಬಯಿ ಶೈಲಿಯ ಮೈಸೂರು ಮಸಾಲೆ ಮೈಸೂರಿನವರಿಗೇ ಗುರುತು ಸಿಗದಷ್ಟು ಬದಲಾಗಿದೆ. ಅದನ್ನು ಕೆಟ್ಟಿತೆಂದು ಹಳಿಯುವ ಬದಲು, ನಮ್ಮಂತೆಯೇ ಇಲ್ಲಿ ನೆಲೆಸಿ ಇಲ್ಲಿಯ ನೀರು ಕುಡಿದ ದೋಸೆ ಎಂದು ತಿಳಿದರೆ ಸಾಕು.

ಬಡಿಸುವ ಹುಡುಗ

ಈಗ ಈ ಲೇಖನದಲ್ಲಿ ನಾವು ಮುಖ್ಯವೆಂದು ಭಾವಿಸುವ ಮಾತಿಗೆ ಬರೋಣ. ಕೆಲವು ವರ್ಷಗಳ ಹಿಂದೆ ಕುಂದಾಪುರದಿಂದ ಬಂದಿದ್ದ ನಮ್ಮ ದೊಡ್ಡಮ್ಮ, ಹೊರಡುವ ದಿನದ ಸಂಜೆ ಇಂತಹುದೇ ಒಂದು ಹೊಟೇಲಿನಲ್ಲಿ ಕಾಫಿ ತಂದಿಟ್ಟ ಹುಡುಗನನ್ನು ಸಹಜವಾಗಿ, "ಯಾವ ಊರ್ ಮಗಾ ನಿಂದು?" ಎಂದು ಕೇಳಿದರು. ಅವನಿಗೆ ಅರ್ಥವಾಗಲಿಲ್ಲ. ನಾವು ಹಿಂದಿಯಲ್ಲಿ ಕೇಳಿದೆವು, ಜಾರ್ಖಂಡ್ ಎಂದ. ಎಷ್ಟು ದೂರ, ಎಷ್ಟು ದಿನಕ್ಕೊಮ್ಮೆ ಮನೆಗೆ ಹೋಗುತ್ತಾನೆ, ತಾಯಿ ಇದ್ದಾರೆಯೇ ಎಂದೆಲ್ಲ ದೊಡ್ಡಮ್ಮ ನಮ್ಮ ಮೂಲಕ ವಿಚಾರಿಸಿದರು. ಹುಡುಗ ನಾಚುತ್ತಲೇ ಉತ್ತರಿಸಿದ. ಆಮೇಲೆ ಅವರು ನಮ್ಮತ್ತ ತಿರುಗಿ, ತಮ್ಮ ಅಣ್ಣನೂ, ಅಂದರೆ ನಮ್ಮ ಸೋದರಮಾವನೂ, ಹೀಗೆಯೇ ಭಾಷೆ ಬಾರದ ಊರಿಗೆ ಬಂದು ತಟ್ಟೆ ತೊಳೆದವರೆಂದು ನೆನಪಿಸಿದರು.

ಆ ತಲೆಮಾರಿನ ಕಥೆ ನಮ್ಮ ಅನೇಕ ಮನೆಗಳ ಕಥೆ. ಕೊಂಕಣ ರೈಲು ಇಲ್ಲದ ಕಾಲದಲ್ಲಿ ಹಡಗಿನಲ್ಲೋ ಘಟ್ಟ ಹತ್ತಿಯೋ ಬಂದ ಬಾಲಕರು ಹಗಲು ಹೊಟೇಲಿನಲ್ಲಿ ದುಡಿದು ಅಲ್ಲಿಯೇ ಮಲಗಿದರು. ಅವರ ಪಾಲಿಗೆ ಬೆಳಕಾದವು ಮುಂಬಯಿಯ ಕನ್ನಡ ರಾತ್ರಿಶಾಲೆಗಳು. ಮೇಜು ಒರೆಸಿದ ಕೈಗಳು ರಾತ್ರಿ ಪುಸ್ತಕ ಹಿಡಿದವು. ಅವರಲ್ಲಿ ಹಲವರು ಮುಂದೆ ವಕೀಲರೂ, ಅಧಿಕಾರಿಗಳೂ, ಹೊಟೇಲು ಮಾಲಕರೂ, ಸಂಘ ಸಂಸ್ಥೆಗಳ ಕಾರ್ಯಕರ್ತರೂ ಆದರು. ಉಳಿತಾಯದ ವಿಚಾರದಲ್ಲಿಯೂ ಕರಾವಳಿಗೆ ಒಂದು ಪರಂಪರೆ ಇದೆ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಮನೆ ಬಾಗಿಲಿಗೆ ಬಂದು ಸ್ವೀಕರಿಸಿತು. 2020ರ ಏಪ್ರಿಲ್ 1ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಎರಡಾಣೆಯ ಮನುಷ್ಯನೂ ಗೌರವಾನ್ವಿತ ಗ್ರಾಹಕನೆಂಬ ಅದರ ಪಾಠ ಬ್ಯಾಂಕಿನ ಕೆಲಸದಲ್ಲಿರುವ ನಮಗೆ ಇಂದಿಗೂ ಪ್ರಸ್ತುತವೆನಿಸುತ್ತದೆ.

ಈಗ ಕರಾವಳಿಯ ಹುಡುಗರು ತಟ್ಟೆ ತೊಳೆಯಲು ಬರುವುದಿಲ್ಲ. ಅದು ಸಂತೋಷದ ವಿಷಯವೇ. 2006ರ ಅಕ್ಟೋಬರ್‌ನಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಹೊಟೇಲುಗಳಲ್ಲಿ ದುಡಿಸುವುದನ್ನು ಕಾನೂನು ನಿಷೇಧಿಸಿದೆ, ಅದೂ ಸ್ವಾಗತಾರ್ಹವೇ. ವಿದ್ಯಾರ್ಥಿಗಳಿಲ್ಲದೆ ಅನೇಕ ರಾತ್ರಿಶಾಲೆಗಳು ಮುಚ್ಚಿದವು. ಆದರೆ ಗಲ್ಲಾದಲ್ಲಿ ಕನ್ನಡ, ತುಳು ಕೇಳಿಸುವ ಹೊಟೇಲಿನಲ್ಲಿಯೂ ಬಡಿಸುವ ಕೈಗಳು ಇಂದು ಜಾರ್ಖಂಡ್, ಒಡಿಶಾ, ಬಿಹಾರ, ನೇಪಾಳದವು. ಹದಿನೆಂಟು, ಇಪ್ಪತ್ತರ ಈ ತರುಣರಿಗೆ ರಾತ್ರಿಶಾಲೆ ಯಾರು ನಡೆಸುತ್ತಾರೆ? ಖಾತೆ ತೆರೆಯುವ ಅರ್ಜಿ ತುಂಬಲು ಯಾರು ನೆರವಾಗುತ್ತಾರೆ? ಮನೆಗೆ ಹಣ ಕಳುಹಿಸುವಾಗ ಮೋಸಗಾರರ ದೂರವಾಣಿ ಕರೆಗೆ ಬಲಿಯಾಗದಂತೆ ಯಾರು ಎಚ್ಚರಿಸುತ್ತಾರೆ? 2014ರಲ್ಲಿ ಆರಂಭವಾದ ಜನಧನ ಯೋಜನೆಯಿಂದ ಖಾತೆ ತೆರೆಯುವುದು ಸುಲಭವಾಗಿದೆ, ಭೇಲ್ ಗಾಡಿಯ ಮೇಲೂ ಯುಪಿಐ ಫಲಕ ಇದೆ. ಆದರೆ ಪಕ್ಕದಲ್ಲಿ ಕುಳಿತು ವಿವರಿಸುವ ಒಬ್ಬ ಹಿರಿಯನ ಅಗತ್ಯವನ್ನು ಯಾವ ಯಂತ್ರವೂ ನೀಗಿಸಿಲ್ಲ. ನಮ್ಮ ಹಿರಿಯರಿಗೆ ಈ ನಗರ ಕೊಟ್ಟುದನ್ನು ಇವರಿಗೆ ಹಿಂದಿರುಗಿಸುವುದು ಹೊರನಾಡ ಕನ್ನಡಿಗರ ಸಂಘಗಳಿಗೆ ಅಸಾಧ್ಯವಾದ ಕೆಲಸವಲ್ಲ. ವಾರಕ್ಕೆರಡು ರಾತ್ರಿ, ಒಂದು ಕೋಣೆ, ನಿವೃತ್ತರಾದ ಇಬ್ಬರು ಶಿಕ್ಷಕರು ಅಥವಾ ಬ್ಯಾಂಕ್ ನೌಕರರು ಇದ್ದರೆ ಆರಂಭಕ್ಕೆ ಸಾಕು.

ನಡಿಗೆಯ ಕ್ರಮ

ಕೊನೆಯದಾಗಿ, ಕೊನೆಯ ಸಂಜೆಯನ್ನು ಹೀಗೆ ಕಳೆಯಬಯಸುವವರಿಗೆ ಕೆಲವು ವ್ಯಾವಹಾರಿಕ ಸೂಚನೆಗಳು. ಸಾಮಾನುಗಳನ್ನು ಮನೆಯಲ್ಲಿಯೇ ಬಿಟ್ಟು, ಹೊರಡುವ ಹೊತ್ತಿಗೆ ಮನೆಯವರೊಬ್ಬರು ನಿಲ್ದಾಣಕ್ಕೆ ತರುವ ವ್ಯವಸ್ಥೆ ಮಾಡಿಕೊಳ್ಳಿರಿ. ಚೀಲ ಹೊತ್ತು ಈ ಬೀದಿಗಳಲ್ಲಿ ನಡೆಯಲಾಗದು. ಐದು ಗಂಟೆಯ ಸುಮಾರಿಗೆ ಮಿಸಳ್ ಮುಗಿಸಿ, ಬೆಳಕಿರುವಾಗಲೇ ಕೆರೆಯ ದಂಡೆ ಸೇರಿದರೆ ದೇವಾಲಯದ ದರ್ಶನ, ದೋಣಿವಿಹಾರ ಎರಡಕ್ಕೂ ಸಮಯವಿರುತ್ತದೆ. ಒಬ್ಬೊಬ್ಬರಿಗೆ ಒಂದೊಂದು ತಟ್ಟೆ ಬೇಡ, ಹಂಚಿಕೊಂಡು ತಿಂದರೆ ಎಲ್ಲವನ್ನೂ ರುಚಿ ನೋಡಬಹುದು. ಕುಡಿಯುವ ನೀರು ಮನೆಯದೇ ಇರಲಿ. ರವಿವಾರ ಮತ್ತು ಹಬ್ಬದ ದಿನಗಳಲ್ಲಿ ಹಿರಿಯರನ್ನೂ ಮಕ್ಕಳನ್ನೂ ಕೈ ಹಿಡಿದೇ ನಡೆಸಬೇಕು. ಉಡುಪಿ ಹೊಟೇಲಿನ ಕಾಫಿಯನ್ನು ಕೊನೆಗೆ ಇಟ್ಟುಕೊಳ್ಳಿರಿ. ಅಲ್ಲಿಂದ ನಿಲ್ದಾಣದ ಸೇತುವೆ ಹತ್ತಲು ಅರ್ಧ ಗಂಟೆಯಾದರೂ ಕೈಯಲ್ಲಿರಲಿ.

ಇಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳನ್ನೂ ಜೊತೆಗೆ ಕರೆದೊಯ್ಯುವುದು ಅಗತ್ಯ. ಅವರಿಗೆ ಈ ತಿಂಡಿಗಳೆಲ್ಲ ಪರಿಚಿತ, ಅವುಗಳ ಹಿಂದಿನ ಮನುಷ್ಯರು ಅಪರಿಚಿತ. ಹಾಗೆಯೇ ಕಾಫಿ ತಂದಿಡುವ ಹುಡುಗನನ್ನು ಯಾವ ಊರೆಂದು ಒಮ್ಮೆ ಕೇಳುವಂತೆ ಅವರಿಗೆ ಹೇಳಿಕೊಡಿರಿ.